ಬಿದ್ದದ್ದು ಸಿಗುವ ಮೂಲೆ

ಜನವರಿ 9, ಗುರುವಾರ

ಇವತ್ತೂ ಅಲ್ಲೇ ಸಿಕ್ಕಿತು. ಬೇರಿಂಗ್‌ನಿಂದ ಕಳಚಿಕೊಂಡ ಉಕ್ಕಿನ ಗುಂಡು, ಬಟಾಣಿ ಕಾಳಿನಷ್ಟು. ಟೀಮಿನ ಮೂವರೂ ಬೆಂಚಿನ ಕೆಳಗೆ ತೆವಳಾಡುತ್ತಿದ್ದರು. ಕುರ್ಚಿಯಿಂದ ಏಳದೆ ಹೇಳಿದೆ — ಬಲಗಡೆ ಮೂಲೆ, ಕಬ್ಬಿಣದ ಬೀರುವಿನ ಕೆಳಗೆ.

'ಸರ್‌ಗೆ ಮಂತ್ರ ಬರುತ್ತೆ' ಎಂದ ಫ್ಯೂಸ್.

ಮಂತ್ರವೇನಿಲ್ಲ. ಈ ವರ್ಕ್‌ಶಾಪಿನಲ್ಲಿ ಬಿದ್ದ ದುಂಡನೆಯದೆಲ್ಲ ಅಲ್ಲೇ ಸಿಗುತ್ತದೆ. ನಾನು ಇಲ್ಲಿ ವಿದ್ಯಾರ್ಥಿಯಾಗಿದ್ದಾಗಲೂ ಅಲ್ಲೇ ಸಿಗುತ್ತಿತ್ತು. ಈಗ ಇನ್‌ಸ್ಟ್ರಕ್ಟರ್. ಪ್ರತಿ ಬ್ಯಾಚಿಗೂ ಮೊದಲ ದಿನ ಹೇಳಿಕೊಡುವುದು ಎರಡು ಪಾಠ. ಒಂದು, ಈ ಮೂಲೆ — ಕೇಳಿ ಮರೆಯುತ್ತಾರೆ. ಇನ್ನೊಂದು, ಕೈ ರಿಜಿಸ್ಟರ್.

ಯಂತ್ರಕ್ಕೆ ಯಾರೇ ಕೈ ಹಾಕಲಿ, ರಿಜಿಸ್ಟರಿನಲ್ಲಿ ಬರೆಯಬೇಕು. ತಾರೀಖು, ಗಂಟೆ, ಯಾವ ಭಾಗ, ಎಷ್ಟು, ಕಾರಣ, ಸಹಿ. ಆರು ಕಾಲಂ. ಒಂದು ತಿರುಪು ಬಿಗಿ ಮಾಡಿದರೂ ಆರು ಕಾಲಂ. ಹುಡುಗರು ಗೊಣಗುತ್ತಾರೆ. ಹಿಂದಿನ ಬ್ಯಾಚಿನವನೊಬ್ಬ 'ಭಾಗ: ಮೂಗು. ಕಾರಣ: ತುರಿಕೆ' ಎಂದು ಬರೆದಿದ್ದ. ಹರಿದು ಹಾಕಲಿಲ್ಲ. ನಿಯಮ ಪಾಲಿಸಿದ್ದಾನಲ್ಲ.

ಈ ಸಲದ ರೋಬೋಟ್ ಟೀಮಿನಲ್ಲಿ ಮೂರೇ ಜನ. ಕ್ಯಾಪ್ಟನ್ — ಎತ್ತರದ ಹುಡುಗಿ, ಮಾತಿಗೆ ಮುಂಚೆ ಬೆರಳು ಬರುತ್ತದೆ. ಫ್ಯೂಸ್ — ಕೋಡ್ ಬರೆಯುವವನು, ಸೇರಿದ ವಾರದಲ್ಲೇ ಮೂರು ಸರ್ಕ್ಯೂಟ್ ಸುಟ್ಟ, ಹೆಸರು ಅಂಟಿಕೊಂಡಿತು. ಪಿಸು — ಹೊಸಬಳು, ಚಕ್ರಗಳ ಕೆಲಸ ಅವಳದು, ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು, ಅದೂ ಪಿಸುಗುಟ್ಟಿ.

ರೋಬೋಟಿನ ಹೆಸರು ಎಮ್ಮೆ. ಕಪ್ಪು, ಅಗಲ ಬೆನ್ನು, ಕರೆದರೆ ಬರುವುದಿಲ್ಲ.


ಜನವರಿ 11, ಶನಿವಾರ

ಸ್ಪರ್ಧೆಗೆ ಎರಡು ರೌಂಡ್. ಫೆಬ್ರವರಿ ಒಂದು, ಇಪ್ಪತ್ತೆರಡು. ಎರಡರ ಅಂಕ ಸೇರಿಸಿ ಸ್ಥಾನ. ಮೊದಲ ಹದಿನೈದು ಸೆಕೆಂಡ್ ರಿಮೋಟ್ ಯಾರೂ ಹಿಡಿಯುವಂತಿಲ್ಲ. ಯಂತ್ರ ತಾನೇ ಹದಿನೈದು ಅಡಿ ನೆಟ್ಟಗೆ ಹೋಗಿ, ಹಳದಿ ಡಬ್ಬಿಯನ್ನು ಎದುರಿನ ಪೆಟ್ಟಿಗೆಯಲ್ಲಿ ಹಾಕಬೇಕು. ಆಮೇಲಿನದು ಆಟ. ಈ ಹದಿನೈದು ಸೆಕೆಂಡೇ ಪರೀಕ್ಷೆ.

ಎಮ್ಮೆ ಬಲಕ್ಕೆ ವಾಲುತ್ತಿದೆ. ನೆಲದ ಮೇಲೆ ಬಾಗಿಲಿನಿಂದ ಕಿಟಕಿಯವರೆಗೆ ಬಿಳಿ ಗೆರೆ ಇದೆ. ಗೆರೆಯ ಮೇಲೆ ಬಿಟ್ಟರೆ ಅರ್ಧ ದಾರಿಗೆ ಒಂದು ಗೇಣು ಬಲಕ್ಕೆ.

'ಬಲಗಡೆ ಚಕ್ರಕ್ಕೆ ಸ್ವಲ್ಪ ಜಾಸ್ತಿ ಕೊಡು' ಎಂದೆ, ಫ್ಯೂಸ್‌ಗೆ.

'ಎಷ್ಟು ಸರ್?'

'ನೋಡ್ತಾ ಹೋಗು.'

ಕೋಡಿನಲ್ಲಿ ಆ ಚಕ್ರದ ವೇಗಕ್ಕೆ ಮೂರು ಕೊಟ್ಟ. ಐದು ಕೊಟ್ಟ. ಪ್ರತಿ ಸಲ ರಿಜಿಸ್ಟರ್. ಪ್ರತಿ ಸಲ ನಿಟ್ಟುಸಿರು.

ಆ ಗೆರೆ ಬಳಿದದ್ದು ನಾನು ಮತ್ತು ತಮ್ಮ. ಅವನು ದಾರ ಎಳೆದು ಹಿಡಿದಿದ್ದ. ಇಲ್ಲಿ ಶುರು ಮಾಡೋಣ, ಪ್ಲಗ್ ಪಾಯಿಂಟ್ ಬಾಗಿಲ ಹತ್ತಿರ ಇದೆ ಎಂದದ್ದು ನಾನು. ಅಂದಿನಿಂದ ಎಲ್ಲ ಬ್ಯಾಚಿನವರೂ ಬಾಗಿಲಿನಿಂದಲೇ ಶುರು. ಕಿಟಕಿಯ ಕಡೆಯಿಂದ ಯಾರೂ ಓಡಿಸಿದ್ದಿಲ್ಲ. ಕಾರಣವೇನೂ ಇಲ್ಲ. ಗೆರೆಗೆ ಒಂದು ತಲೆ ಒಂದು ಕಾಲು ಆಗಿಬಿಟ್ಟಿತ್ತು.

ನಮ್ಮ ಯಂತ್ರವೂ ಬಲಕ್ಕೇ ವಾಲುತ್ತಿತ್ತು. ಅದರ ಹೆಸರು ಆಮೆ. ಆಗ ಕೋಡ್ ಎಲ್ಲಿತ್ತು... ಮುಂಚಕ್ರವನ್ನು ತಿರುಗಿಸುವ ಒಂದು ತಿರುಪು. ಅರ್ಧ ಸುತ್ತು ಎಡಕ್ಕೆ ಕೊಟ್ಟು ನೆಟ್ಟಗೆ ಮಾಡಿದ್ದೆ. ಯಂತ್ರಗಳಿಗೂ ವಂಶದ ಗುಣ ಇರುತ್ತದೋ ಏನೋ.


ಜನವರಿ 12, ಭಾನುವಾರ

ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿತ್ತು. ಇವತ್ತು ಇಲ್ಲ. ತಮ್ಮ ಬಂದುಹೋಗಿದ್ದಾನೆ ಎಂದರ್ಥ.

'ನಿನ್ನೆ ಬಂದಿದ್ದ' ಎಂದಳು ಅಮ್ಮ.

'ಹೂಂ.'

'ಬರೋಕೆ ಮುಂಚೆ ಫೋನ್ ಮಾಡಿ ನಿನ್ನ ಕೇಳಿದ.'

'ಏನಂತ?'

'ಮನೇಲಿದ್ದಾನಾ ಅಂತ.'

'ಇದ್ದಿದ್ರೆ?'

'ಇದ್ದಿದ್ರೆ ಯಾಕ್ ಬರ್ತಾನೆ. ಅದಕ್ಕೇ ಅಲ್ವಾ ಕೇಳೋದು.'

ತಮ್ಮ ಲಿಫ್ಟ್ ಮೆಕ್ಯಾನಿಕ್. ಇದೇ ಊರು, ಸೇತುವೆಯ ಆಚೆ ಬದಿ. ಜಗಳವಿಲ್ಲ. ಮದುವೆ, ಸಾವು, ಆಸ್ಪತ್ರೆ — ಮಾತಾಡುತ್ತೇವೆ. ಬಂದೆಯಾ, ಹೊರಟೆಯಾ. ನಡುವಿನ ಮಾತಿಲ್ಲ. ನಾನಿಲ್ಲದ ಹೊತ್ತು ನೋಡಿ ಬರುತ್ತಾನೆ. ಕಿರುಗುಟ್ಟುವ ಬಾಗಿಲು ಸುಮ್ಮನಾಗುತ್ತದೆ, ಅಲುಗುವ ಮೇಜಿನ ಕಾಲಿಗೆ ಒಂದು ಚೂರು ರಬ್ಬರ್ ಬಂದಿರುತ್ತದೆ. ಈ ಮನೆಯಲ್ಲಿ ಯಾವುದೂ ಕೆಟ್ಟು ಬಹಳ ದಿನ ಉಳಿಯುವುದಿಲ್ಲ. ಅಂಥ ತಮ್ಮ.

ಇದನ್ನು ಒಂದು ಸಲವೂ ಬರೆದಿಲ್ಲ. ಬರೆದು ನೋಡುತ್ತೇನೆ.

ನನಗೆ ಹತ್ತೊಂಬತ್ತು, ಅವನಿಗೆ ಹದಿನೇಳು. ಸ್ಪರ್ಧೆಗೆ ಆಮೆಯನ್ನು ಸೈಕಲ್ ಕ್ಯಾರಿಯರ್ ಮೇಲೆ ಕಟ್ಟಿಕೊಂಡು ಹೋದೆವು. ಅಮ್ಮನ ಶಾಲು ಹೊದಿಸಿ. ನಾನು ತುಳಿಯುತ್ತಿದ್ದೆ, ಅವನು ಒಂದು ಕೈ ಅದರ ಬೆನ್ನ ಮೇಲಿಟ್ಟು ಪಕ್ಕದಲ್ಲೇ ಓಡುತ್ತಿದ್ದ. ಐದು ಮೈಲಿ. ಗುಂಡಿ ಬಂದಾಗಲೆಲ್ಲ 'ನಿಧಾನ ಅಣ್ಣ, ನಿದ್ದೆ ಮಾಡ್ತಿದೆ' ಎನ್ನುತ್ತಿದ್ದ.

ಮೊದಲ ಓಟದಲ್ಲೇ ಆಮೆ ಎಡಕ್ಕೆ ಎಳೆದುಕೊಂಡು ಹೋಗಿ ಬೇಲಿಗೆ ಗುದ್ದಿತು. ಮುನ್ನೂರು ಜನ ನಕ್ಕರು. ಮೇಷ್ಟ್ರು ಕೇಳಿದರು — ಯಾರು ಮುಟ್ಟಿದ್ದು? ನಾನು ತಮ್ಮನ ಕಡೆ ಬೆರಳು ತೋರಿಸಿದೆ. 'ಬೆಳಿಗ್ಗೆ ಇವನೊಬ್ಬನೇ ಅದರ ಹತ್ತಿರ ಇದ್ದ.'

'ನಾನು ಕೆಡಿಸಿಲ್ಲ ಅಣ್ಣ' ಎಂದ.

'ಸುಳ್ಳು ಹೇಳಬೇಡ' ಎಂದೆ. ಎಲ್ಲರ ಎದುರು.

ವಾಪಸ್ ಬರುವಾಗ ನಾನು ಸೈಕಲ್ ಮೇಲೆ. ಅವನು ಜೊತೆಗೆ ಓಡಲಿಲ್ಲ. ಶಾಲು ಮಡಚಿ ಕಂಕುಳಲ್ಲಿಟ್ಟುಕೊಂಡು ನಡೆದೇ ಬಂದ. ಆ ಸಂಜೆಯೇ ಆಮೆಯನ್ನು ಬಿಚ್ಚಿಹಾಕಿದೆ. ಇನ್ನೊಂದು ಸಲ ಓಡಿಸಿ ನೋಡಬೇಕು ಎಂದೂ ಅನ್ನಿಸಲಿಲ್ಲ. ಅವನು ಮತ್ತೆ ವರ್ಕ್‌ಶಾಪಿಗೆ ಕಾಲಿಡಲಿಲ್ಲ. ಪರೀಕ್ಷೆ ಬರೆಯಲಿಲ್ಲ. ಲಿಫ್ಟ್ ರಿಪೇರಿಯವನೊಬ್ಬನ ಹಿಂದೆ ಹೋದ.

ನಾನು ಇಲ್ಲೇ ಕೆಲಸಕ್ಕೆ ಸೇರಿದೆ. ಸೇರಿದ ದಿನ ಮಾಡಿದ ಮೊದಲ ಕೆಲಸ — ಒಂದು ಉದ್ದನೆಯ ನೋಟ್‌ಬುಕ್ಕಿಗೆ ಆರು ಕಾಲಂ ಗೆರೆ ಎಳೆದದ್ದು.


ಜನವರಿ 20, ಸೋಮವಾರ

ಏಳು. ಬಲ ಚಕ್ರಕ್ಕೆ ಏಳು ಹೆಚ್ಚು. ಇಪ್ಪತ್ತು ಸಲ ಬಿಟ್ಟರೆ ಇಪ್ಪತ್ತು ಸಲವೂ ಗೆರೆ ತಪ್ಪಲಿಲ್ಲ. ಕ್ಯಾಪ್ಟನ್ ಲ್ಯಾಪ್‌ಟಾಪಿನ ಮೇಲೆ ಕೆಂಪು ಚೀಟಿ ಅಂಟಿಸಿದ್ದಾಳೆ: 'ಏಳು. ಮುಟ್ಟಿದರೆ ಕೊಲೆ.'

ಎಲ್ಲರೂ ಹೋದ ಮೇಲೆ ಹತ್ತು ನಿಮಿಷ ಸುಮ್ಮನೆ ಕೂತಿದ್ದೆ. ಸಂಜೆಯ ಬಿಸಿಲು, ಕಿಟಕಿಯ ಸರಳಿನ ನೆರಳು, ಲೇತ್ ಎಣ್ಣೆಯ ವಾಸನೆ. ಆಗಲೂ ಇದೇ ವಾಸನೆ. ತಮ್ಮ ಕಣ್ಣು ಮುಚ್ಚಿಕೊಂಡು ತಿರುಪು ತಿರುಗಿಸುತ್ತಿದ್ದ. ಕಣ್ಣು ಬಿಟ್ಟರೆ ಕೈಗೆ ಕೇಳಿಸಲ್ಲ ಎನ್ನುತ್ತಿದ್ದ. ನಾನು ಪಕ್ಕದಲ್ಲಿ ನಿಂತು ಲೆಕ್ಕ ಹೇಳಬೇಕು, ಅವನು ನಿಲ್ಲಿಸಬೇಕು. ನಾನು ಹೇಳದೆ ಅವನು ಒಂದು ಕೂದಲೆಳೆಯಷ್ಟೂ ತಿರುಗಿಸುತ್ತಿರಲಿಲ್ಲ. ಹಾಗೆ ಅಭ್ಯಾಸ ಮಾಡಿಸಿದ್ದೆ.

ಆಗ ಅದು ನನಗೆ ಹೆಮ್ಮೆ.


ಫೆಬ್ರವರಿ 1, ಶನಿವಾರ. ಮಧ್ಯಾಹ್ನ 2

ಸ್ಪರ್ಧೆಯ ಹಾಲ್. ಇಪ್ಪತ್ತೆರಡು ಟೀಮು. ಸೀಟಿ ಊದಿದರು. ಎಮ್ಮೆ ಹೊರಟಿತು. ನಾಲ್ಕು ಅಡಿ ನೆಟ್ಟಗೆ. ಆಮೇಲೆ ಎಡಕ್ಕೆ. ಮೆಲ್ಲಗೆ, ಏನೋ ನೆನಪಾದವರ ಹಾಗೆ. ಬೇಲಿಗೆ ಗುದ್ದಿ, ಗುದ್ದಿದಲ್ಲೇ ಚಕ್ರ ತಿರುಗಿಸುತ್ತ ನಿಂತಿತು.

ಎಡಕ್ಕೆ.

ಕೂತುಕೊಂಡೆ.


ಅದೇ ದಿನ, ಸಂಜೆ

ರಿಮೋಟ್ ಆಟದಲ್ಲಿ ಸ್ವಲ್ಪ ಅಂಕ ಬಂತು. ಹದಿಮೂರನೆಯ ಸ್ಥಾನ. ವ್ಯಾನಿನ ಹಿಂದೆ ನಿಂತು ಜಗಳ.

ಕ್ಯಾಪ್ಟನ್: 'ಬೆಳಿಗ್ಗೆ ನೀನೊಬ್ನೇ ಲ್ಯಾಪ್‌ಟಾಪ್ ಹತ್ರ ಇದ್ದೆ.'

ಫ್ಯೂಸ್: 'ಇದ್ರೆ? ಈಗ್ಲೂ ಏಳೇ ಇದೆ, ನೋಡು!'

'ಆಮೇಲೆ ವಾಪಸ್ ಏಳು ಮಾಡಿರ್ತೀಯ. ಏಳೂ ಇಪ್ಪತ್ತಕ್ಕೆ ಫೈಲ್ ಸೇವ್ ಆಗಿದೆ. ರಿಜಿಸ್ಟರ್‌ನಲ್ಲಿ ಎಲ್ಲಿದೆ?'

'ಅದು ಸ್ಕ್ರೀನ್ ಮೇಲೆ ಟೀಮ್ ನಂಬರ್ ಹಾಕಿದ್ದು ಮಾರಾಯ್ತಿ! ಅದನ್ನೂ ಬರೀಬೇಕಾ?'

'ಎಲ್ಲಾ ಬರೀಬೇಕು. ಬರ್ದಿಲ್ಲ ಅಂದ್ರೆ ಏನೋ ಮುಚ್ಚಿಡ್ತಿದ್ದೀಯ ಅಂತ.'

'ನನ್ನಾಣೆ ಕಣೆ, ನಾನು —'

'ಸುಳ್ಳು ಹೇಳ್ಬೇಡ.'

ಫ್ಯೂಸ್ ನನ್ನ ಕಡೆ ನೋಡಿದ. ಎಲ್ಲರೂ ನೋಡಿದರು. ನನ್ನ ಕಂಕುಳಲ್ಲಿ ರಿಜಿಸ್ಟರ್. ಯಾರೂ ಯಾರನ್ನೂ ಹೀಗೆ ಕೇಳುವಂತಾಗಬಾರದು ಎಂದು ಗೆರೆ ಎಳೆದ ಪುಸ್ತಕ. ಇವತ್ತು ಬೆರಳು ತೋರಿಸಲು ಅದೇ ಸಾಕಾಯಿತು.

ಏನಾದರೂ ಹೇಳಬೇಕಿತ್ತು. ಹೇಳಲಿಲ್ಲ. ಫ್ಯೂಸ್ ಬ್ಯಾಗು ಹೆಗಲಿಗೇರಿಸಿ ವ್ಯಾನ್ ಹತ್ತದೆ ನಡೆದುಬಿಟ್ಟ.

ಅವನ ಬೆನ್ನು ನೋಡುತ್ತ ನಿಂತಿದ್ದೆ. ಎರಡನೆಯ ಸಲ.


ಫೆಬ್ರವರಿ 3, ಸೋಮವಾರ

ಫ್ಯೂಸ್ ಬಂದಿಲ್ಲ. ಕ್ಯಾಪ್ಟನ್ ಎಮ್ಮೆಯನ್ನು ಬಿಳಿ ಗೆರೆಯ ಮೇಲೆ ಬಿಟ್ಟಳು. ನೆಟ್ಟಗೆ, ದಾರ ಎಳೆದ ಹಾಗೆ.

'ನೋಡಿ ಸರ್. ಏಳು ಇದ್ರೆ ನೆಟ್ಟಗೆ. ಅಂದ್ರೆ ಅವತ್ತು ಏಳು ಇರ್ಲಿಲ್ಲ.'

ತರ್ಕದಲ್ಲಿ ಬಿರುಕಿಲ್ಲ. ನಾನು ಇಷ್ಟೂ ಮಾಡಿರಲಿಲ್ಲ. ಪಿಸು ಚಕ್ರ ಒರೆಸುತ್ತ ಕೂತಿದ್ದಳು, ತಲೆ ಎತ್ತಲಿಲ್ಲ.


ಫೆಬ್ರವರಿ 10, ಸೋಮವಾರ

ಒಂದು ವಾರ ಏನೂ ಬರೆಯಲಿಲ್ಲ. ಫ್ಯೂಸ್ ಬರಲಿಲ್ಲ, ಫೋನ್ ಎತ್ತಲಿಲ್ಲ.

ಇವತ್ತು ಪಿಸುವಿನ ಕೈಯಿಂದ ಬೇರಿಂಗ್ ಗುಂಡು ಬಿತ್ತು. ಅವಳು ಹುಡುಕಲಿಲ್ಲ. ಸೀದಾ ಬೀರುವಿನ ಹತ್ತಿರ ಹೋಗಿ, ಬಗ್ಗಿ, ಎತ್ತಿಕೊಂಡಳು. ಎತ್ತಿಕೊಂಡವಳು ಅಲ್ಲೇ ನಿಂತಳು.

'ಸರ್. ಯಾಕೆ ಯಾವಾಗ್ಲೂ ಇಲ್ಲೇ?'

ಇಷ್ಟು ವರ್ಷ ಉತ್ತರವನ್ನೇ ಪಾಠ ಮಾಡಿದ್ದೇನೆ. ಪ್ರಶ್ನೆ ಕೇಳಿದವರು ಯಾರೂ ಇರಲಿಲ್ಲ.

ಅವಳು ಕೋಣೆಯ ನಡುವೆ ಕೂತು ಗುಂಡನ್ನು ಬಿಳಿ ಗೆರೆಯ ಮೇಲಿಟ್ಟಳು. ಕೈ ತೆಗೆದಳು. ಗುಂಡು ಒಂದು ಕ್ಷಣ ಸುಮ್ಮನಿತ್ತು. ಆಮೇಲೆ ಹೊರಟಿತು, ಮೂಲೆಯ ಕಡೆ, ದಾರಿ ಗೊತ್ತಿದ್ದವರ ಹಾಗೆ. ಮೂರು ಸಲ ಇಟ್ಟಳು. ಮೂರು ಸಲವೂ.

ಆಮೇಲೆ ಎಮ್ಮೆಯನ್ನು ಎತ್ತಿ ಕಿಟಕಿಯ ಕಡೆ ಒಯ್ದು, ಬಾಗಿಲಿಗೆ ಮುಖ ಮಾಡಿ ಇಟ್ಟಳು.

'ಏಯ್, ಅದು ಉಲ್ಟಾ ಕಣೆ' ಎಂದಳು ಕ್ಯಾಪ್ಟನ್.

'ಗೊತ್ತು.'

ಬಿಟ್ಟಳು. ಎಮ್ಮೆ ಎಡಕ್ಕೆ ತಿರುಗಿ, ಹಾಲ್‌ನಲ್ಲಿ ಹೋದದ್ದಕ್ಕಿಂತ ಜೋರಾಗಿ ಹೋಗಿ, ಬೀರುವಿಗೆ ಗುದ್ದಿತು.

'ನೆಲ' ಎಂದಳು ಪಿಸು. ಅಷ್ಟೇ.

ಕ್ಯಾಪ್ಟನ್ ನೆಲದ ಮೇಲೆ ಅಂಗೈ ಇಟ್ಟು ನೋಡಿದಳು. 'ಅಂದ್ರೆ... ಎಮ್ಮೆ ಮೊದಲಿಂದ ಸರಿಯಾಗೇ ಇತ್ತು. ನೆಲ ಬಲಕ್ಕೆ ಎಳೀತಿತ್ತು. ನಾವು ಎಡಕ್ಕೆ ತಿರುಚಿದ್ವಿ. ಅಲ್ಲಿ ನೆಲ ಸರಿ ಇತ್ತು, ನಮ್ಮ ತಿರುಚಾಟ ಮಾತ್ರ ಉಳೀತು.' ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡಳು. 'ಅಯ್ಯೋ, ಅವನಿಗೆ ಏನೇನ್ ಅಂದೆ ನಾನು.'

ಮೂವರೂ ಸೇರಿ ಬೀರು ಸರಿಸಿದೆವು. ಹಿಂದೆ ಗೋಡೆಯ ಬುಡದಲ್ಲಿ ಒಂದು ತೂತು, ತುಕ್ಕು ಹಿಡಿದ ಜಾಲರಿ. ನೀರು ಹೋಗುವ ದಾರಿ. ವರ್ಕ್‌ಶಾಪ್ ಆಗುವ ಮುಂಚೆ ಇದು ಏನನ್ನೋ ತೊಳೆಯುವ ಜಾಗವಾಗಿತ್ತು. ನೀರು ಹರಿಯಲಿ ಎಂದೇ ಓರೆಯಾಗಿ ಕಟ್ಟಿದ ನೆಲ. ಜಾಲರಿಯ ಮೇಲೆ ಹನ್ನೊಂದು ಗುಂಡುಗಳಿದ್ದವು. ಕೆಲವು ಕಪ್ಪಾಗಿದ್ದವು.

ಆಮೆ. ಅರ್ಧ ಸುತ್ತು ಎಡಕ್ಕೆ.

ನಾನು ಕೆಡಿಸಿಲ್ಲ ಅಣ್ಣ.


ಫೆಬ್ರವರಿ 11, ಮಂಗಳವಾರ

ಫ್ಯೂಸ್ ಮನೆ ಹುಡುಕಿಕೊಂಡು ಹೋದೆ. ನಾಲ್ಕನೆಯ ಮಹಡಿ. ಬಾಗಿಲು ತೆಗೆದದ್ದು ಅವನ ಅಕ್ಕ. ಮೇಲಿಂದ ಕೆಳಗೆ ನೋಡಿದಳು.

'ನೀವೇನಾ ರಿಜಿಸ್ಟರ್ ಸರ್?'

ಹೌದೆಂದೆ.

'ಒಳಗಿದ್ದಾನೆ. ಹತ್ತು ದಿನದಿಂದ ಗೋಡೆ ಜೊತೆ ಮಾತಾಡ್ತಿದ್ದಾನೆ. ಗೋಡೆಗೂ ಸಾಕಾಗಿದೆ.'

ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಮಂಚದ ತುದಿಯಲ್ಲಿ ಕೂತು ಎಲ್ಲ ಹೇಳಿದೆ. ಗುಂಡು, ಬೀರು, ಜಾಲರಿ. ಕೊನೆಗೆ — 'ಅವತ್ತು ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ತಪ್ಪಾಯ್ತು.'

ಅವನು ಗೋಡೆಗೇ ಕೇಳಿದ. 'ಎಷ್ಟು ಡಿಗ್ರಿ?'

'ಏನು?'

ಎದ್ದು ಕೂತ. 'ಓರೆ ಸರ್. ಎಷ್ಟು ಡಿಗ್ರಿ ಓರೆ?'

'ಅಳೆದಿಲ್ಲ.'

'ಅಳೀದೇ ಬಂದ್ರಾ!' ಚಪ್ಪಲಿ ಹುಡುಕತೊಡಗಿದ.

ಇವನಿಗೆ ಹೇಳುವುದು ಇಷ್ಟು ಸುಲಭವಾಯಿತು. ಹತ್ತೇ ದಿನದ ಸಾಲವಲ್ಲವೆ.


ಫೆಬ್ರವರಿ 12, ಬುಧವಾರ

ರಿಜಿಸ್ಟರಿನಲ್ಲಿ ಕ್ಯಾಪ್ಟನ್ ಕೈಬರಹ: 'ಗಂಟೆ: 4.10. ಭಾಗ: ಫ್ಯೂಸ್. ಎಷ್ಟು: ತುಂಬಾ. ಕಾರಣ: ನೆಲ ನೋಡಲಿಲ್ಲ, ಅವನನ್ನು ನೋಡಿದೆ.' ಸಹಿ.

ಕೆಳಗೆ ಫ್ಯೂಸ್: 'ಗಂಟೆ: 4.12. ಭಾಗ: ಕ್ಯಾಪ್ಟನ್. ಎಷ್ಟು: ಬಿಟ್ಟಿದ್ದೇನೆ. ಕಾರಣ: ಎರಡು ಬನ್ ಕೊಡಿಸಿದಳು.'

ಅಳೆಯಲು ಸ್ಪಿರಿಟ್ ಲೆವೆಲ್ ಬೇಕು, ಗಾಜಿನೊಳಗೆ ಗುಳ್ಳೆ ಇರುವ ಪಟ್ಟಿ. ನಮ್ಮದು ಯಾವುದೋ ಬ್ಯಾಚಿನಲ್ಲಿ ಕಳೆದುಹೋಗಿದೆ. ಉದ್ದನೆಯದು, ನಂಬುವಂಥದು ಯಾರ ಹತ್ತಿರ ಇದೆಯೆಂದು ನನಗೆ ಗೊತ್ತು. ಲಿಫ್ಟ್ ಹಳಿ ಕೂರಿಸುವವನ ಹತ್ತಿರ ಇರಲೇಬೇಕು.

ಅಂಗಡಿಯಲ್ಲೂ ಸಿಗುತ್ತದೆ. ಅದೂ ಗೊತ್ತು.


ಫೆಬ್ರವರಿ 15, ಶನಿವಾರ

ಅಮ್ಮನ ಹತ್ತಿರ ತಮ್ಮನ ಕೆಲಸದ ಜಾಗದ ವಿಳಾಸ ಕೇಳಿದೆ. ಯಾಕೆ ಎಂದು ಕೇಳಲಿಲ್ಲ. ಕನ್ನಡಕ ಹಾಕಿಕೊಂಡು, ಫೋನಿನಲ್ಲಿ ನೋಡಿ, ಒಂದು ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಕೊಟ್ಟಳು. ಮಗು ಕಳೆದುಹೋಗಬಾರದೆಂದು ಜೇಬಿಗೆ ಹಾಕುತ್ತಾರಲ್ಲ, ಹಾಗೆ.

ಸೇತುವೆ ದಾಟುವಷ್ಟು ದೂರವೂ ವಾಕ್ಯ ಹೊಂದಿಸಿಕೊಂಡೆ.

ಒಂಬತ್ತು ಮಹಡಿಯ ಕಟ್ಟಡ. ಕೆಳಗಿನ ಲಿಫ್ಟ್ ಬಾಗಿಲು ತೆರೆದಿತ್ತು, ಅಡ್ಡಲಾಗಿ 'ರಿಪೇರಿ' ಬೋರ್ಡು. ಲಿಫ್ಟಿನ ಕೆಳಗಿನ ಗುಂಡಿಯೊಳಗಿನಿಂದ ತಮ್ಮನ ತಲೆ ನೆಲದ ಮಟ್ಟಕ್ಕೆ ಕಾಣುತ್ತಿತ್ತು. ನಡುನೆತ್ತಿ ಬೋಳಾಗಿದೆ. ಇಷ್ಟು ಮೇಲಿನಿಂದ ಅವನನ್ನು ಎಂದೂ ನೋಡಿರಲಿಲ್ಲ. ಅಥವಾ ಯಾವಾಗಲೂ ಹೀಗೇ ನೋಡಿದ್ದೆನೋ.

ತಲೆ ಎತ್ತಿದ. 'ಅಮ್ಮನಿಗೆ ಏನಾದ್ರೂ...?'

'ಇಲ್ಲ. ಚೆನ್ನಾಗಿದ್ದಾಳೆ.'

'ಮತ್ತೆ?'

'ಲೆವೆಲ್ ಬೇಕಿತ್ತು.'

ಕೈ ಒರೆಸಿಕೊಂಡು, ಚೀಲದಿಂದ ತೆಗೆದು ಮೇಲೆ ಚಾಚಿದ. ಬಗ್ಗಿ ತೆಗೆದುಕೊಂಡೆ.

'ವರ್ಕ್‌ಶಾಪ್ ನೆಲ ಓರೆ ಕಣೋ.'

ಚೀಲದ ಬಾಯಿ ಕಟ್ಟತೊಡಗಿದ.

'ಆಮೆ ಎಡಕ್ಕೆ ಹೋಗಿದ್ದು ಅದಕ್ಕೆ. ನಿನ್ನಿಂದ ಅಲ್ಲ.'

ಮೇಲೆ ಎಲ್ಲೋ ಉಕ್ಕಿನ ಹಗ್ಗ ಗೋಡೆಗೆ ತಾಗಿ ಸದ್ದು ಮಾಡಿತು. ಅವನು ಅದನ್ನೇ ಕೇಳುತ್ತಿದ್ದ ಹಾಗಿತ್ತು.

'ಯಾವ ಕಡೆ ಓರೆ?'

'ಬೀರು ಕಡೆ.'

'ಎಷ್ಟು?'

'ಅದಕ್ಕೇ ಲೆವೆಲ್.'

'ಅಳೆದು ವಾಪಸ್ ಕೊಡು. ಕೆಲಸದ ಸಾಮಾನು' ಎಂದು ತಲೆ ಒಳಗೆ ಎಳೆದುಕೊಂಡ.

ಹೊಂದಿಸಿಕೊಂಡ ವಾಕ್ಯ ಹಾಗೇ ವಾಪಸ್ ಬಂತು, ಸೇತುವೆಯ ಮೇಲೆ, ನನ್ನ ಜೊತೆ.


ಫೆಬ್ರವರಿ 18, ಮಂಗಳವಾರ

ಮೀಟರಿಗೆ ಒಂಬತ್ತು ಮಿಲಿಮೀಟರ್. ಫ್ಯೂಸ್ ಹಬ್ಬದ ಸಡಗರದಲ್ಲಿ ಅಳೆದ.

ಗ್ರಂಥಾಲಯದ ಓದುವ ಕೋಣೆ ಸಮ ಇದೆ. ಲೈಬ್ರರಿಯನ್ ಬೆಳಿಗ್ಗೆ ಒಂದು ಗಂಟೆ ಬಿಟ್ಟುಕೊಟ್ಟಿದ್ದಾರೆ, 'ನಿಮ್ಮ ಎಮ್ಮೆ ಸಗಣಿ ಹಾಕಬಾರದು' ಎಂಬ ಷರತ್ತಿನ ಮೇಲೆ. ಏಳು ಅಳಿಸಿದರು. ಸೊನ್ನೆ. ನೆಟ್ಟಗೆ ಹೋಯಿತು. ಹೊಸ ಚೀಟಿ: 'ಸೊನ್ನೆ. ಮುಟ್ಟುವ ಮುಂಚೆ ಕೇಳಿ.'


ಫೆಬ್ರವರಿ 22, ಶನಿವಾರ

ಹಾಲ್‌ನಲ್ಲಿ ಬೆಳಿಗ್ಗೆ ಎಂಟಕ್ಕೆ ಫ್ಯೂಸ್ ಮೊಣಕಾಲೂರಿ ಲೆವೆಲ್ ಇಟ್ಟ. ಬೇರೆ ಟೀಮಿನವರು ನಕ್ಕರು — ಮನೆ ಕಟ್ತೀರಾ? ಈ ಸಲ ನಮಗೆ ಸಿಕ್ಕಿದ್ದು ಬೇರೆ ಅಂಕಣ, ಅದೂ ಸ್ವಲ್ಪ ಬಲಕ್ಕೆ ವಾಲಿದೆ. ತುಂಬ ಅಲ್ಲ.

'ಎರಡು ಹಾಕ್ಬೇಕು ಅನ್ಸುತ್ತೆ' ಎಂದ.

ಕ್ಯಾಪ್ಟನ್ ಬೆರಳು ಅರ್ಧಕ್ಕೆ ಎದ್ದಿತು. ಅವಳೇ ಇನ್ನೊಂದು ಕೈಯಿಂದ ಅದನ್ನು ಹಿಡಿದುಕೊಂಡಳು.

ಫ್ಯೂಸ್ ನನ್ನ ಕಡೆ ನೋಡಿದ. 'ಬೇಡ ಅಂದ್ರೆ... ಒಂದು ಹಾಕ್ಲಾ ಸರ್?'

'ಎರಡು ಬೇಕು ಅನ್ನಿಸಿದ್ರೆ ಎರಡು ಹಾಕು. ನನ್ನ ಮುಖ ಯಾಕ್ ನೋಡ್ತೀಯ.'

ಹಾಕಿದ. ಬರೆದ. ಸೀಟಿ. ಎಮ್ಮೆ ಹದಿನೈದು ಅಡಿಯನ್ನೂ ನೆಟ್ಟಗೆ ನಡೆದು ಡಬ್ಬಿಯನ್ನು ಪೆಟ್ಟಿಗೆಗೆ ಹಾಕಿತು. ಪಿಸು ಕಿರುಚಿದಳು. ಅವಳಿಗೆ ಗಂಟಲಿದೆ ಎಂದು ಇವತ್ತು ಗೊತ್ತಾಯಿತು.

ಒಟ್ಟು ಅಂಕದಲ್ಲಿ ಏಳನೆಯ ಸ್ಥಾನ. ಮುಂದಿನ ಹಂತಕ್ಕೆ ಆರೇ ಟೀಮು. 'ಏಳು!' ಎಂದು ಕ್ಯಾಪ್ಟನ್ ವ್ಯಾನ್ ತುಂಬ ಬಿದ್ದು ಬಿದ್ದು ನಕ್ಕಳು. ಆಮೇಲೆ ಸ್ವಲ್ಪ ಅತ್ತಳು. ಫ್ಯೂಸ್ ಅವಳಿಗೆ ಎಣ್ಣೆ ಒರೆಸುವ ಬಟ್ಟೆ ಕೊಟ್ಟ.


ಮಾರ್ಚ್ 2, ಭಾನುವಾರ. ಮಧ್ಯಾಹ್ನ 3

ಬೆಳಿಗ್ಗೆ ಒಬ್ಬನೇ ವರ್ಕ್‌ಶಾಪಿನಲ್ಲಿದ್ದೆ. ಎರಡು ವಾರವಾದರೂ ಲೆವೆಲ್ ವಾಪಸ್ ಕೊಟ್ಟಿರಲಿಲ್ಲ. ಬಾಗಿಲಲ್ಲಿ ನೆರಳು ಬಿತ್ತು. ತಮ್ಮ.

'ಸಾಮಾನು ತಗೊಂಡು ಹೋಗೋಣ ಅಂತ' ಎಂದ. ಹೊಸ್ತಿಲ ಮೇಲೇ ನಿಂತಿದ್ದ. ಒಳಗೆ ಬಾ ಎನ್ನಲು ನನಗೆ ಯಾವ ಹಕ್ಕು ಎಂದು ಯೋಚಿಸುವಷ್ಟರಲ್ಲಿ ತಾನೇ ಬಂದ. ಮೂಗಿನಿಂದ ಉಸಿರೆಳೆದುಕೊಂಡ. ಅದೇ ಎಣ್ಣೆ. ನೆಲ ನೋಡಿದ.

'ಗೆರೆ ಇನ್ನೂ ಇದೆ.'

'ಮೂರು ಸಲ ಬಳಿದಿದ್ದೀನಿ.'

'ಕಾಣ್ತಿದೆ. ಸೊಟ್ಟ ಬಳಿದಿದ್ದೀಯ. ದಾರ ಹಿಡಿಯೋರು ಇರ್ಲಿಲ್ವಾ?'

ಲೆವೆಲ್ ಎತ್ತಿ ಗೆರೆಗೆ ಅಡ್ಡ ಇಟ್ಟ. ಗುಳ್ಳೆ ಜಾರಿದ್ದನ್ನು ನೋಡಿದ. ಮೇಜಿನ ಮೇಲಿನ ಡಬ್ಬಿಯಿಂದ ಒಂದು ಗುಂಡು ತೆಗೆದು ನೆಲದ ಮೇಲಿಟ್ಟ. ಅದು ಉರುಳಿ ಬೀರುವಿನ ಕೆಳಗೆ ಹೋಗುವವರೆಗೂ ಕುಕ್ಕರಗಾಲಲ್ಲಿ ಕೂತೇ ಇದ್ದ.

'ನಾನು ಮುಟ್ಟಿದ್ದೆ' ಎಂದ.

ಅರ್ಥವಾಗಲಿಲ್ಲ.

'ಅವತ್ತು ಬೆಳಿಗ್ಗೆ, ಏಳು ಗಂಟೆ. ನೀನು ಹೆಸರು ಬರೆಸೋಕೆ ಹೋಗಿದ್ದೆ. ಅಲ್ಲಿನ ವರಾಂಡಾದಲ್ಲಿ ಒಂದು ಸಲ ಬಿಟ್ಟು ನೋಡಿದೆ. ಎಡಕ್ಕೆ ಎಳೀತಿತ್ತು. ಯಾಕೆ ಅಂತ ಗೊತ್ತಾಗ್ಲಿಲ್ಲ. ತಿರುಪನ್ನ ವಾಪಸ್ ತಿರುಗಿಸ್ದೆ.'

'ಎಷ್ಟು?'

'ಕಾಲು ಸುತ್ತು.'

'ಅರ್ಧ ಬೇಕಿತ್ತು.'

'ಗೊತ್ತು. ಇನ್ನೂ ಎಳೀತಿತ್ತು.' ಬೀರುವಿನ ಕಡೆ ನೋಡುತ್ತ ಹೇಳಿದ. 'ಇನ್ನೊಂದು ಕಾಲು ತಿರುಗಿಸೋಣ ಅಂತ ಕೈ ಇಟ್ಟೆ. ಅಷ್ಟೊತ್ತಿಗೆ ಮೆಟ್ಟಿಲ ಮೇಲೆ ನಿನ್ನ ಹೆಜ್ಜೆ ಸದ್ದು ಕೇಳ್ತು. ಕೈ ತೆಗೆದುಬಿಟ್ಟೆ.'

ಸೇತುವೆಯ ಮೇಲೆ ಹೊಂದಿಸಿದ್ದ ವಾಕ್ಯ ಇದಕ್ಕೆ ಹೊಂದುತ್ತಿರಲಿಲ್ಲ.

'ಮತ್ತೆ ಇಷ್ಟು ವರ್ಷ...'

'ಆ ಕಾಲು ಸುತ್ತಿನಿಂದಲೇ ಕೆಟ್ಟಿತೇನೋ ಅಂತ ನನಗೂ ಒಂದು ಅನುಮಾನ. ಮೊನ್ನೆ ನೀನು ನೆಲ ಅಂದಾಗ ಗುಂಡಿಯೊಳಗೆ ಅರ್ಧ ಗಂಟೆ ಕೆಲಸ ಮಾಡೋಕಾಗ್ಲಿಲ್ಲ.'

ಎದ್ದು ರಿಜಿಸ್ಟರ್ ಕೈಗೆತ್ತಿಕೊಂಡ. ಮೂಗು, ತುರಿಕೆ, ಬನ್ನು ಎಲ್ಲ ಓದಿ ನಕ್ಕ. ಹದಿನೇಳರ ನಗು. ಪೆನ್ನು ತೆಗೆದು, ಫ್ಯೂಸ್ ಬರೆದ 'ಎರಡು' ಎಂಬುದರ ಕೆಳಗಿನ ಸಾಲಿನಲ್ಲಿ ತಾನೂ ತುಂಬಿದ. ತಾರೀಖು — ಆ ತಾರೀಖೇ, ಆ ವರ್ಷವೇ, ಯೋಚಿಸದೆ ಬರೆದ. ಗಂಟೆ, ಏಳು. ಭಾಗ, ಮುಂಚಕ್ರದ ತಿರುಪು. ಎಷ್ಟು, ಕಾಲು ಸುತ್ತು. ಕಾರಣ ಬಿಟ್ಟ. ಸಹಿ ಹಾಕಿದ.

'ಒಂದು ಕಾಲಂ ಬಿಟ್ಟೆ' ಎಂದೆ. ಅಭ್ಯಾಸ.

'ಅದು ನೀನು ಬರಿ.'

ಹಾಗೆಂದು ಬಾಗಿಲ ಕಡೆ ಹೊರಟವನು ತಿರುಗಿ ಕೇಳಿದ — ಅಮ್ಮ ಮನೇಲಿದ್ದಾಳಾ? ನಾನು ಇರುತ್ತೇನೋ ಇಲ್ಲವೋ ಎಂದು ಕೇಳಲಿಲ್ಲ.

ರಿಜಿಸ್ಟರ್ ಮನೆಗೆ ತಂದಿದ್ದೇನೆ. ಅವನು ಅಡುಗೆಮನೆಯಲ್ಲಿ ಸ್ಟೂಲ್ ಹತ್ತಿ ಏನನ್ನೋ ಬಿಗಿ ಮಾಡುತ್ತಿದ್ದಾನೆ. 'ಅದು ಸರಿಯಾಗೇ ಇತ್ತು ಕಣೋ, ಬಿಡು' ಎಂದು ಅಮ್ಮ ಬೈಯುತ್ತಿದ್ದಾಳೆ. ಇಬ್ಬರ ದನಿಯೂ ಒಟ್ಟಿಗೆ, ನಾನಿರುವಾಗಲೇ.

'ಬರೆದ್ಯಾ?' ಎಂದು ಒಳಗಿನಿಂದ ಕೂಗಿದ.

ಇನ್ನೂ ಇಲ್ಲ. ಸಣ್ಣ ಕಾಲಂ. ಮೊದಲು ಇಲ್ಲಿ ಬರೆದು ನೋಡುತ್ತೇನೆ. ಕಾರಣ: ಅಣ್ಣನ ಹೆಜ್ಜೆ ಸದ್ದು.